ದಾನಮ್ಮ ಓಡಿರಲಿಲ್ಲ

ಟಿಕೋಟಾ ದಾಟಿ ಬಸ್ಸು ಬಬಲೇಶ್ವರದ ದಾರಿ ಹಿಡಿದಾಗ ಕಿಟಕಿಯಿಂದ ಗಂಧಕದ ಹೊಗೆ ಒಳಗೆ ಬಂತು. ಶೆಡ್ಡುಗಳಲ್ಲಿ ದ್ರಾಕ್ಷಿ ಒಣಹಾಕಿ ಹೊಗೆ ಕೊಡುವ ಹಂಗಾಮು. ಮುಂದಿನ ಸೀಟಿನ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದಳು, ಕಂಡಕ್ಟರ್ ಕೆಮ್ಮಿದ. ನನಗೆ ಆ ವಾಸನೆ ಬಂದರೆ ಒಂದು ಸೊಂಟದ ಎಲುಬು ನೆನಪಾಗುತ್ತದೆ. ಹೀಗೆಂದು ಹೇಳಿದರೆ ಜನ ನನ್ನ ತಲೆಯ ಬಗ್ಗೆ ಅನುಮಾನಪಡುತ್ತಾರೆ, ಅದಕ್ಕೇ ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ.

ಒಂಬತ್ತು ವರ್ಷದ ಹಿಂದಿನ ದ್ರಾಕ್ಷಿ ಹಂಗಾಮು ಅದು. ನಾನು ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಇದು: ರಸ್ತೆಯಲ್ಲಿ ನಡೆದು ಹೋಗುವ ಮಗುವಿಗೆ ಗಾಡಿ ಬಡಿದರೆ ಕಾಲು, ಸೊಂಟದ ಎಲುಬುಗಳು ಎಲ್ಲಿ, ಹೇಗೆ ಮುರಿಯುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಮನೆಯಲ್ಲಿ ಇದನ್ನು ಹೇಳಿದ ದಿನ ನಮ್ಮವ್ವ, "ಸಂಜಿ ಹೊತ್ನ್ಯಾಗ ಎಂಥಾ ಮಾತ ಆಡ್ತಿ ಬೇ" ಎಂದು ನನ್ನ ಹಣೆಗೆ ವಿಭೂತಿ ಬಳಿದಳು. ಆಮೇಲೆ ನನ್ನನ್ನು ನೋಡಲು ಬಂದ ವರಗಳ ಮುಂದೆಲ್ಲ, "ಕಂಪ್ಯೂಟರ್ ಮ್ಯಾಲ ಏನೋ ಮಾಡತಾಳ್ರಿ" ಎಂದಷ್ಟೇ ಹೇಳಿ ಚಹಾದ ಕಡೆ ಮಾತು ತಿರುಗಿಸುತ್ತಿದ್ದಳು.

ಕೆಲಸ ಶುರುವಾದಾಗ ನನಗೂ ಅದರಲ್ಲಿ ಮಗು ಕಾಣುತ್ತಿರಲಿಲ್ಲ. ಆಗ ನಮ್ಮ ಕೈಯಲ್ಲಿದ್ದ ಮಾದರಿ ದೊಡ್ಡ ಮನುಷ್ಯನ ಮೈಯನ್ನೇ ಕುಗ್ಗಿಸಿ ಮಾಡಿದ ಗೊಂಬೆ. ಎತ್ತನ್ನು ಕುಗ್ಗಿಸಿದರೆ ಕರು ಆಗುವುದಿಲ್ಲ ಎಂಬುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೆ ಕಂಪ್ಯೂಟರಿಗೆ ಹೇಳಿಕೊಡಬೇಕು. ಮಗುವಿನ ಸೊಂಟ ಇನ್ನೂ ಒಂದೇ ಎಲುಬಾಗಿರುವುದಿಲ್ಲ. ತೊಡೆಯ ಗುಂಡು ಕೂರುವ ಬಟ್ಟಲಿನಲ್ಲಿ ಮೂರು ಎಲುಬುಗಳು ಬಂದು ಸೇರುತ್ತವೆ, ನಡುವೆ ಮೆತ್ತನೆಯ ಎಳೆಎಲುಬಿನ ಗೆರೆ ಇರುತ್ತದೆ. ಮಗು ಬೆಳೆಯುವುದೇ ಆ ಗೆರೆಯಿಂದ. ಅಲ್ಲಿ ಪೆಟ್ಟು ಬಿದ್ದರೆ ಆ ದಿನದ ಗಾಯ ಮಾಯಬಹುದು, ಆದರೆ ಮುಂದಿನ ಬೆಳವಣಿಗೆ ವಾರೆಯಾಗಬಹುದು.

ನಮ್ಮ ಮಾದರಿ ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ನಿಜವಾಗಿ ಪೆಟ್ಟಾದ ಒಂದು ಮಗುವಿನ ಸ್ಕ್ಯಾನು ಬೇಕಾಗಿತ್ತು. ನಮ್ಮ ಗೈಡ್ ಸರ್ ಆಗಲೇ ಪೇಪರಿಗೆ ಹೆಸರಿಟ್ಟು, ಯಾವ ಸಮ್ಮೇಳನಕ್ಕೆ ಕಳಿಸಬೇಕೆಂದೂ ನಿಶ್ಚಯಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದಕ್ಕೆ ನಮ್ಮ ಸರ್‌ಗಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಊರಿನ ಎಲುಬಿನ ಡಾಕ್ಟರೊಬ್ಬರು ಅವರ ಗೆಳೆಯರು. ಒಂದು ದಿನ ಆ ಡಾಕ್ಟರು ನನ್ನನ್ನು ಕರೆದು, "ಟಿಕೋಟಾ ಕಡೀಂದ ಒಂದು ಹುಡುಗಿ ಬಂದೈತಿ. ಜೀಪ್ ಬಡದೈತಿ. ಅವರಪ್ಪಗ ಕೇಳೇನಿ, ಸ್ಕ್ಯಾನ್ ಕೊಡಾಕ ಒಪ್ಯಾನ. ನೀವೂ ಒಂದ್ಸಲ ಮಾತಾಡಿ ಬರ್ರಿ" ಎಂದರು.

ಹುಡುಗಿಯ ಹೆಸರು ದಾನಮ್ಮ. ಎಂಟು ವರ್ಷ, ಮೂರನೇ ಇಯತ್ತೆ. ನಾನು ಹೋದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಮನೆ ಇದ್ದದ್ದು ಊರಲ್ಲಿ ಅಲ್ಲ, ರಸ್ತೆ ಪಕ್ಕದ ದ್ರಾಕ್ಷಿ ತೋಟದಲ್ಲೇ. ರಸ್ತೆಯ ಈಚೆ ತೋಟ, ಆಚೆ ಸಾಲಿ. ಹುಡುಗಿ ಪಡಸಾಲೆಯ ಹೊರಸಿನ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿ, ಜಂತಿ ನೋಡುತ್ತಿದ್ದಳು. ಬಾಗಿಲಾಚೆ ಹೆಂಗಸರು ದ್ರಾಕ್ಷಿ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಿದ್ದರು. ಅವಳ ಅವ್ವ ಶಾಂತವ್ವ ಅವರ ನಡುವೆ ಇದ್ದಳು. ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಒಂದೂವರೆ ವರ್ಷದ ಗಂಡುಕೂಸು ಸಿದ್ದು ಮಲಗಿದ್ದ. ತೊಟ್ಟಿಲಿನ ಹಗ್ಗ ಹೊರಸಿನವರೆಗೆ ಬಂದಿತ್ತು. ಸೊಂಟ ಮುರಿದುಕೊಂಡು ಮಲಗಿದ ಹುಡುಗಿಯೇ ಅದನ್ನು ಜಗ್ಗಿ ತೂಗುತ್ತಿದ್ದಳು.

ಅವಳಪ್ಪ ಮಲ್ಲಪ್ಪ ಕೆಟ್ಟ ಮನುಷ್ಯನಲ್ಲ. ದಿನಾ ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಬೆಳಗಿನ ಬಿಸಿಲಿಗೆ ತಂದು ಮಲಗಿಸುತ್ತಿದ್ದ, ಮತ್ತೆ ಒಳಗೆ ಒಯ್ಯುತ್ತಿದ್ದ. ಆದರೆ ಒಂದು ಮಾತನ್ನು ಹಟ ಹಿಡಿದವನಂತೆ ಹೇಳುತ್ತಿದ್ದ: "ಅಡ್ಡ ಓಡ್ಯಾಳ್ರಿ. ಜೀಪಿನಾಂವ ಹೇಳ್ಯಾನ, ಜೀಪಿನ್ಯಾಗ ಕುಂತ ಮಂದೀನೂ ಹಂಗ ಹೇಳ್ಯಾರ. ಗಾಡಿ ನೋಡದ ಓಡೂ ಹುಡುಗೀನ ರಸ್ತಾ ದಾಟಿಸಿ ಸಾಲಿಗಿ ಹೆಂಗ ಕಳಸೂದ್ರಿ? ಎದ್ದು ಅಡ್ಡಾಡಿದ್ರ ಸಾಕು. ಸಾಲಿ ಮುಗೀತು."

"ನಾ ಓಡಿಲ್ಲ," ಎಂದಳು ದಾನಮ್ಮ, ಜಂತಿಯಿಂದ ಕಣ್ಣು ತೆಗೆಯದೆ.

"ನೋಡ್ರಿ, ಇನ್ನಾ ಸುಳ್ಳ ಹೇಳತಾಳ."

"ನಾ ಓಡಿಲ್ಲ."

"ಮತ್ತ ಏನ್ ಮಾಡಾಕತ್ತಿದ್ದಿ ರಸ್ತಾದಾಗ?" ಎಂದ ಅಪ್ಪ. ಅವಳು ತೊಟ್ಟಿಲಿನ ಹಗ್ಗ ಜಗ್ಗಿದಳು. ಮಲ್ಲಪ್ಪ ನನ್ನ ಕಡೆ ತಿರುಗಿ, "ನಿಮ್ಮ ಕಂಪ್ಯೂಟರಿನ್ಯಾಗ ಅಕಿ ಓಡಿದ್ದು ಕಾಣಸ್ತೈತೇನ್ರಿ?" ಎಂದು ಕೇಳಿದ. "ಕಾಣಿಸಬಹುದು," ಎಂದೆ. ಇಂಥ 'ಬಹುದು'ಗಳನ್ನು ನಾವು ಬಾಯಿಪಾಠ ಮಾಡಿಕೊಂಡಿರುತ್ತೇವೆ. ಅವನು ಮಾತ್ರ ಅದನ್ನು ಹೌದು ಎಂದು ತೆಗೆದುಕೊಂಡ.

ಹುಡುಗಿಯ ಸೊಂಟ ನೆಲದಿಂದ ಎಷ್ಟು ಎತ್ತರ ಎಂಬುದನ್ನು ಮಲಗಿದ್ದಲ್ಲೇ ಅಳೆದುಕೊಂಡೆ. ಜೀಪು ಬಬಲೇಶ್ವರದ ಒಂದು ಗ್ಯಾರೇಜಿನಲ್ಲಿ ನಿಂತಿತ್ತು. ಸಂತೆಯ ದಿನ ಹೋದೆ. ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ನಾನು ಟೇಪು ಹಿಡಿದು ಜೀಪಿನ ಮೂತಿ ಅಳೆಯುವುದನ್ನು ನೋಡಲು ಅರ್ಧ ಸಂತೆ ಅಲ್ಲಿ ನೆರೆದಿತ್ತು. ಜೀಪಿನ ಮುಂದೆ ದಪ್ಪ ಕೊಳವೆಯ ಕಬ್ಬಿಣದ ಗಾರ್ಡು ಬೆಸೆದಿದ್ದರು. "ಇದು ಯಾಕ್ರಿ?" ಎಂದೆ. ಡ್ರೈವರ್ ಟಾಯರಿನ ಕಡೆ ನೋಡುತ್ತ, "ನಾಯಿ ಗೀಯಿ ಅಡ್ಡ ಬರತಾವಲ್ರಿ, ಗಾಡಿಗಿ ಪೆಟ್ಟ ಬೀಳಬಾರದು ಅಂತ" ಎಂದ. ದೊಡ್ಡವರಿಗಾದರೆ ಆ ಗಾರ್ಡು ಮೊಣಕಾಲಿನ ಸ್ವಲ್ಪ ಮೇಲೆ ಬರುತ್ತಿತ್ತು. ದಾನಮ್ಮನ ಅಳತೆಗೆ ಹಿಡಿದು ನೋಡಿದೆ. ತೊಡೆ ಸೊಂಟಕ್ಕೆ ಸೇರುವ ಜಾಗಕ್ಕೆ ಸರಿಯಾಗಿ ಬಂತು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, ಒಂದು ಗ್ಲಾಸು ಕಬ್ಬಿನ ಹಾಲು ಕುಡಿದು ಬಸ್ಸು ಹತ್ತಿದೆ.

ಆಮೇಲಿನ ವಾರಗಳು ಲ್ಯಾಬಿನಲ್ಲಿ ಕಳೆದವು. ಸ್ಕ್ಯಾನಿನಿಂದ ಎಲುಬಿನ ಆಕಾರ ತೆಗೆದು, ಅದನ್ನು ಬೆಲ್ಲದ ಪೆಂಟೆಯನ್ನು ಪುಡಿ ಮಾಡಿದಂತೆ ಸಾವಿರಾರು ಚೂರು ಮಾಡಿ, ಪ್ರತಿ ಚೂರಿಗೂ ನೀನಿಷ್ಟು ಗಟ್ಟಿ, ನೀನಿಷ್ಟು ಮೆತ್ತಗೆ ಎಂದು ಹೇಳಬೇಕು. ಎಳೆಯ ಎಲುಬು ಒಣಕಟ್ಟಿಗೆಯ ಹಾಗೆ ಲಟಕ್ಕನೆ ಮುರಿಯುವುದಿಲ್ಲ, ಹಸಿ ಬರಲಿನ ಹಾಗೆ ಬಾಗಿ ಒಂದು ಕಡೆ ಸೀಳುತ್ತದೆ. ಅದನ್ನೂ ಹೇಳಬೇಕು. ಜೀಪು ಬಡಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು, ಅದನ್ನು ಲೆಕ್ಕ ಹಾಕಲು ನಮ್ಮ ಕಂಪ್ಯೂಟರಿಗೆ ಹಗಲೂ ರಾತ್ರಿ ಹಿಡಿಯುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಯಾರಾದರೂ ಅಂದರೆ ನನಗೆ ಈಗಲೂ ಆ ಲ್ಯಾಬಿನ ಕಪ್ಪು ಪರದೆಯೇ ಕಣ್ಣೆದುರು ಬರುತ್ತದೆ.

ಮೊದಲು ಹುಡುಗಿಯನ್ನು ಓಡಿಸಿದೆ. ಎಲ್ಲರೂ ಓಡಿದಳು ಎಂದಿದ್ದರಲ್ಲ, ಹಾಗೇ. ಪರದೆಯ ಮೇಲೆ ಬೂದುಬಣ್ಣದ ಅರ್ಧಮೈ ಒಂದು ಕಾಲು ಮುಂದಿಟ್ಟಿತು, ಬಲಗಡೆಯಿಂದ ಗಾರ್ಡು ಬಂತು, ಬಲತೊಡೆಯ ಎಲುಬು ನಡುವೆ ಮುರಿಯಿತು. ಆದರೆ ದಾನಮ್ಮನ ಬಲತೊಡೆ ಮುರಿದೇ ಇರಲಿಲ್ಲ. ಅವಳಿಗೆ ಸೊಂಟದ ಮುಂಭಾಗ ಬಿರಿದಿತ್ತು, ಪೆಟ್ಟು ಬೀಳದ ಎಡಗಡೆಯ ಬಟ್ಟಲಿನ ಎಳೆಗೆರೆ ನಜ್ಜಾಗಿತ್ತು. ಜೀಪಿನ ವೇಗ ಹೆಚ್ಚಿಸಿದೆ, ತಗ್ಗಿಸಿದೆ, ಹುಡುಗಿಯನ್ನು ನಿಧಾನ ನಡೆಸಿದೆ, ಸೆಟೆದು ನಿಲ್ಲಿಸಿದೆ. ಪ್ರತಿ ಸಲವೂ ಬಲಗಾಲೇ ಹೋಗುತ್ತಿತ್ತು. ಸರ್ ಬಂದು ನೋಡಿ, "ಎಲುಬಿನ ಗಟ್ಟಿತನ ಸ್ವಲ್ಪ ಹಿಂದ ಮುಂದ ಮಾಡ್ರಿ, ಕೂಡತೈತಿ" ಎಂದರು. ಮಾಡಿದರೆ ಕೂಡುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಬೇಕಾದ ಉತ್ತರ ಬರುವವರೆಗೆ ಎಲುಬನ್ನು ಮೆತ್ತಗೆ ಮಾಡುವುದಾದರೆ ಕಂಪ್ಯೂಟರ್ ಯಾಕೆ ಬೇಕು ಎಂದು ಸಿಟ್ಟು ಬಂತು. ಜೊತೆಗೆ, ಜಂತಿ ನೋಡುತ್ತ "ನಾ ಓಡಿಲ್ಲ" ಎಂದ ದನಿ ಕಿವಿಯಲ್ಲಿ ಉಳಿದಿತ್ತು.

ಆ ಹೊತ್ತಿಗೆ ಅಕ್ಕ ಒಂದು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಒಂದು ಸಂಜೆ ಬಳೆ ಕೊಳ್ಳಲು ಗಾಂಧಿ ಚೌಕಕ್ಕೆ ಹೋದೆವು. ನಮ್ಮಕ್ಕ ಬಳೆ ಕೊಳ್ಳುವುದೆಂದರೆ ಅಂಗಡಿಯವನ ಸಹನೆಯ ಪರೀಕ್ಷೆ. ಕೂಸನ್ನು ನನ್ನ ಬಗಲಿಗೆ ಹಾಕಿ ಅವಳು ಕೂತಳು. ಅಂಗಡಿಯ ಗೋಡೆಗೆ ಆಳೆತ್ತರದ ಕನ್ನಡಿ ಇತ್ತು. ಬಹಳ ಹೊತ್ತಾದ ಮೇಲೆ ಅದರಲ್ಲಿ ನನ್ನನ್ನೇ ನೋಡಿದೆ. ಕೂಸು ಎಡಸೊಂಟದ ಮೇಲಿದೆ. ಸೊಂಟ ಎಡಕ್ಕೆ ಹೊರಚಾಚಿದೆ. ಮೈಭಾರವೆಲ್ಲ ಎಡಗಾಲಿನ ಮೇಲೆ. ಬಲಗಾಲು ಕೆಲಸವಿಲ್ಲದೆ ಸುಮ್ಮನೆ ನೆಲ ಮುಟ್ಟಿದೆ, ಯಾರಾದರೂ ಒದ್ದರೆ ಬಾಗಿಲಿನ ಹಾಗೆ ಸರಿದು ಹೋದೀತು. ಆಗ ಒದೆತ ಎಲ್ಲಿಗೆ ಹೋಗುತ್ತದೆ? ಸೊಂಟದ ಮೂಲಕ ದಾಟಿ, ಊರಿ ನಿಂತ ಎಡಗಾಲಿಗೆ.

"ಅಕ್ಕಾ, ನಡಿ ಮನಿಗಿ," ಎಂದೆ.

"ಇನ್ನಾ ಹಸರು ಬಳಿ ನೋಡಿಲ್ಲಲೇ!"

ಹಸಿರು ಬಳೆ ನೋಡಿಯೇ ಹೋದೆವು. ಮರುದಿನ ಬೆಳಿಗ್ಗೆ ಪರದೆಯ ಹುಡುಗಿಯ ಸೊಂಟವನ್ನು ಎಡಕ್ಕೆ ವಾರೆ ಮಾಡಿ, ಅಲ್ಲಿ ಒಂದೂವರೆ ವರ್ಷದ ಕೂಸಿನಷ್ಟು ತೂಕ ಇಟ್ಟೆ. ಸರ್ ಹುಬ್ಬು ಗಂಟಿಕ್ಕಿದರು. "ಇದು ಯಾ ಪೇಪರಿನ್ಯಾಗ ಐತ್ರಿ?"

"ಪೇಪರ್ ಬರದಾವ್ರು ನಮ್ಮ ಕಡಿ ಹುಡುಗ್ಯಾರ್ನ ನೋಡಿಲ್ಲರಿ ಸರ್. ಎಂಟು ವರ್ಷದ ಹುಡುಗಿ ಬಗಲಾಗ ಕೂಸಿಲ್ಲದ ನಿಂತದ್ದು ನೀವು ಎಷ್ಟ ಸಲ ನೋಡೀರಿ?"

ಅವರು ನೋಡಿರಲಿಲ್ಲ. ಹುಟ್ಟೂರು ಇಟ್ಟಂಗಿಹಾಳದಲ್ಲಿ ಅವರನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಅವರ ಅಕ್ಕನೇ ಎಂದು ಆಮೇಲೆ ಚಹಾ ಕುಡಿಯುವಾಗ ತಾವೇ ಹೇಳಿದರು.

ಲೆಕ್ಕ ಮುಗಿದಾಗ ಬಲತೊಡೆ ಉಳಿದಿತ್ತು. ಸೊಂಟದ ಮುಂಭಾಗ ಬಿರಿದಿತ್ತು. ಎಡ ಬಟ್ಟಲಿನ ಎಳೆಗೆರೆ ಕೆಂಪಾಗಿತ್ತು, ಅಂದರೆ ತಡೆಯಲಾರದಷ್ಟು ಒತ್ತಡ. ಸ್ಕ್ಯಾನನ್ನು ಪಕ್ಕದಲ್ಲಿಟ್ಟು ನೋಡಿದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಖುಷಿಯಲ್ಲಿ ಸ್ವಲ್ಪ ಹೊತ್ತು ನನಗೆ ಅದು ಒಂದು ಮಗುವಿನ ಸೊಂಟ ಎಂಬುದೇ ಮರೆತಿತ್ತು. ನೆನಪಾದ ಮೇಲೆ ಇನ್ನೊಂದು ಪ್ರಶ್ನೆ ಬಂತು. ಬಗಲಲ್ಲಿ ತಮ್ಮನಿದ್ದರೆ ಹುಡುಗಿ ಅದನ್ನು ಯಾಕೆ ಹೇಳಲಿಲ್ಲ? "ತಮ್ಮನ್ನ ಎತ್ಕೊಂಡು ನಿಂತಿದ್ನಿ" ಎಂಬ ಒಂದು ಮಾತು ಸಾಕಿತ್ತು. ಕೂಸು ಹೊತ್ತವಳು ಓಡಿದಳು ಎಂದರೆ ಯಾರೂ ನಂಬುತ್ತಿರಲಿಲ್ಲ.

ನಾನು ಮತ್ತೆ ತೋಟಕ್ಕೆ ಹೋದ ದಿನ ಬಿಸಿಲು ಏರಿತ್ತು, ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕಿದ್ದರು, ದೊಡ್ಡವರೆಲ್ಲ ಆ ಕಡೆ ಇದ್ದರು. ದಾನಮ್ಮ ಈಗ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ: "ನೀ ಓಡಿಲ್ಲ, ನಂಗೊತ್ತೈತಿ. ನಿಂತಿದ್ದಿ. ನಿನ್ನ ಬಗಲಾಗ ಸಿದ್ದು ಇದ್ದ. ಹೌದಿಲ್ಲ?"

ಅವಳು ಶೆಡ್ಡಿನ ಕಡೆ ನೋಡಿದಳು. "ಯಾರ ಹೇಳಿದ್ರಿ?"

"ನಿನ್ನ ಎಲುಬ ಹೇಳ್ತು."

ಇದನ್ನು ಅವಳು ನಂಬಿದಳು, ಮಕ್ಕಳು ಇಂಥವನ್ನು ನಂಬುತ್ತಾರೆ. ಮೆಲ್ಲಗೆ ಹೇಳಿದಳು. ಅವತ್ತು ತಮ್ಮ ತೊಟ್ಟಿಲಲ್ಲಿ ಒಂದೇ ಸಮ ಅಳುತ್ತಿದ್ದ. ಅವ್ವ ಗೊನೆ ಕೊಯ್ಯುತ್ತಿದ್ದಳು. ಗಾಡಿ ತೋರಿಸಿದರೆ ಸುಮ್ಮನಾಗುತ್ತಾನೆಂದು ಎತ್ತಿಕೊಂಡು ರಸ್ತೆಗೆ ಬಂದಳು. ಒಂದು ಕಬ್ಬಿನ ಟ್ರಾಕ್ಟರ್ ತೋರಿಸಿದಳು. ಟ್ರಾಕ್ಟರನ್ನು ಹಿಂದೆ ಹಾಕಲು ಜೀಪು ಬದಿಗೆ ಬಂತು. "ಬಡದು ಬೀಳೂ ಮುಂದ ಸಿದ್ದೂನ ಹುಲ್ಲಿನ ಬಣಿವಿ ಕಡೆ ಒಗದ್ನಿರಿ. ಅಂವಗೇನೂ ಆಗಲಿಲ್ಲ." ಗದ್ದಲದಲ್ಲಿ ಓಡಿಬಂದ ಹೆಂಗಸರಲ್ಲಿ ಯಾರೋ ಕೂಸನ್ನು ಎತ್ತಿಕೊಂಡರು, ಅದು ಅಲ್ಲಿ ಹೇಗೆ ಬಂತೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

"ಹಿಂಗಂತ ಅಪ್ಪಗ ಹೇಳಬೇಕಿಲ್ಲೇನ?"

"ಸಿದ್ದೂನ ರಸ್ತಾಕ ಯಾಕ ಒಯ್ದಿ ಅಂತಾನ್ರಿ. ಹರಕಿ ಹೊತ್ತು ಹಡದ ಕೂಸು. ಅಂವಗ ಏನರೆ ಆಗಿದ್ರ?"

 ಓಡಿದಳು ಎಂದರೆ ಸಾಲಿ ಹೋಗುತ್ತಿತ್ತು. ಓಡಲಿಲ್ಲ ಎಂಬುದಕ್ಕೆ ಸಾಕ್ಷಿ ಹೇಳಿದರೆ, ತಮ್ಮನನ್ನು ಜೀಪಿನ ಬಾಯಿಗೆ ಒಯ್ದವಳು ಎಂದಾಗುತ್ತಿತ್ತು. ಎಂಟು ವರ್ಷದ ಹುಡುಗಿ ಎರಡನ್ನೂ ತೂಗಿ ನೋಡಿ, ಸಾಲಿ ಬಿಟ್ಟರೂ ಪರವಾಗಿಲ್ಲ ಎಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಂಡಿದ್ದಳು. ಆದರೂ ಓಡಿದೆ ಎಂಬ ಸುಳ್ಳನ್ನು ಮಾತ್ರ ಒಪ್ಪಿಕೊಂಡಿರಲಿಲ್ಲ. ನನಗೆ ಅವತ್ತು ಬಹಳ ಸಂಕಟವಾಯಿತು. ಪರದೆಯ ಮೇಲಿನ ಬೂದು ಗೊಂಬೆಗೆ ಆ ದಿನದಿಂದ ಮುಖ ಬಂತು, ಮತ್ತೆ ಹೋಗಲಿಲ್ಲ.

ಮಲ್ಲಪ್ಪ ಶೆಡ್ಡಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದ, ಹಿಂದೆ ಶಾಂತವ್ವ. ಲ್ಯಾಪ್‌ಟಾಪ್ ತೆರೆದು, ಮೊದಲು ಓಡುವ ಗೊಂಬೆಯನ್ನು ತೋರಿಸಿದೆ. "ಓಡಿದ್ರ ಇಲ್ಲಿ ಮುರೀತಿತ್ತು. ನಿಮ್ಮ ಮಗಳ ತೊಡಿ ಮುರದಿಲ್ಲ." ಆಮೇಲೆ ಎರಡನೆಯದು. ಸೊಂಟದ ಮೇಲಿನ ತೂಕ ಲೆಕ್ಕದಲ್ಲಿ ಇತ್ತು, ಚಿತ್ರದಲ್ಲಿ ಕಾಣದಂತೆ ಮಾಡಿದ್ದೆ. "ಇಕಿ ನಿಂತಿದ್ಲು. ಒಂದ ಕಾಲ ಮ್ಯಾಲ ಭಾರ ಹಾಕಿ, ರಸ್ತಾದ ಬದಿಗಿ, ಸುಮ್ಮ ನಿಂತಿದ್ಲು. ಜೀಪ ಬದಿಗಿ ಬಂದೈತಿ."

ವಿದ್ಯೆಯ ಲೆಕ್ಕದಲ್ಲಿ ನಾನು 'ಬಹುದು' ಎನ್ನಬೇಕಾಗಿತ್ತು. ಒಂದೇ ಒಂದು ಉದಾಹರಣೆ, ನೂರೆಂಟು ಊಹೆಗಳು. ಆದರೆ ಅವತ್ತು ಆ ಪದವನ್ನು ಚೀಲದಲ್ಲೇ ಬಿಟ್ಟಿದ್ದೆ.

ಮಲ್ಲಪ್ಪ ಎರಡೆರಡು ಸಲ ನೋಡಿದ. "ಕಂಪ್ಯೂಟರ್ ಸುಳ್ಳ ಹೇಳೂದಿಲ್ಲೇನ್ರಿ?"

"ನಿಮ್ಮ ಮಗಳೂ ಹೇಳಿಲ್ಲ," ಎಂದೆ. ದನಿ ಸ್ವಲ್ಪ ಗಡುಸಾಯಿತೇನೋ.

ಅವನು ಹೊರಸಿನ ಹತ್ತಿರ ಹೋದ. ಗೋಡೆ ಹಿಡಿದು ನಿಂತಿದ್ದವಳ ತಲೆಯ ಮೇಲೆ ಕೈಯಿಟ್ಟ, ಗಂಧಕದ ಕೈ. "ನಿಂತಿದ್ದೇನ ಬೇ?" ಎಂದ. ಅವಳು ತಲೆಯಾಡಿಸಿದಳು. "ಮತ್ತ ನಿಂತಿದ್ನಿ ಅಂತ ಹೇಳಬೇಕಿಲ್ಲ?" ಎಂದವನು, ಉತ್ತರಕ್ಕೆ ಕಾಯದೆ, "ಮಳಿಗಾಲಕ್ಕ ಸಾಲಿ ಚಾಲೂ ಆಗ್ತಾವ, ನೆಟ್ಟಗ ಅಡ್ಡಾಡೂದ ಕಲಿ" ಎಂದ. ಮಗಳ ಮಾತು ನಂಬದವನು ನನ್ನ ಗೊಂಬೆಯ ಮಾತು ನಂಬಿದನಲ್ಲ ಎಂದು ದಾರಿಯುದ್ದಕ್ಕೂ ನನಗೆ ಕಸಿವಿಸಿ. ಆದರೆ ನಂಬಿದ್ದು ನಂಬಿದ್ದೇ.

ಹೊರಡುವಾಗ ಶಾಂತವ್ವ ಒಂದು ಕೈಚೀಲದ ತುಂಬ ಹೊಸ ಮನೂಕ, ಆ ಶೆಡ್ಡಿನದೇ ಒಣದ್ರಾಕ್ಷಿ, ತಂದುಕೊಟ್ಟಳು. ಸಿದ್ದು ಅವಳ ಬಗಲಲ್ಲಿದ್ದ. ಅವನ ಮೊಣಕೈಯ ಮೇಲೆ ಮಾಯುತ್ತ ಬಂದ ಒಂದು ತರಚು ಗಾಯದ ಗುರುತು ಇತ್ತು. ನಾನು ಅದನ್ನು ನೋಡುವುದನ್ನು ಅವಳು ನೋಡಿದಳು, ಸೆರಗು ಎಳೆದು ಮುಚ್ಚಿದಳು. "ನೀವು ಅಷ್ಟಕ್ಕ ನಿಲ್ಲಿಸಿದ್ದು ಛಲೋ ಆತ್ರಿ," ಎಂದಳು.

ಪ್ರಬಂಧದಲ್ಲಿ ನಾನು 'ಎಡಸೊಂಟದ ಮೇಲೆ ಹೊರೆ' ಎಂದಷ್ಟೇ ಬರೆದೆ. ಪರೀಕ್ಷೆ ಮಾಡಲು ಬಂದವರು ಅದೇನು, ನೀರಿನ ಕೊಡವೇ ಎಂದು ಕೇಳಿದರು. ಈ ಭಾಗದಲ್ಲಿ ಮಕ್ಕಳು ಏನಾದರೂ ಹೊತ್ತುಕೊಂಡೇ ಇರುತ್ತಾರೆ ಎಂದೆ. ಪದವಿ ಬಂತು. ಅವ್ವನ ವಿಭೂತಿ ಫಲಿಸಿತೋ ಏನೋ, ಮದುವೆಯೂ ಆಯಿತು. ಜೀಪುಗಳ ಮುಂದಿನ ಗಾರ್ಡುಗಳನ್ನು ಈಗ ತೆಗೆಸುತ್ತಾರೆ, ಅದಕ್ಕೂ ನನ್ನ ಕೆಲಸಕ್ಕೂ ಏನೂ ಸಂಬಂಧವಿಲ್ಲ.

ಈ ಸಲ ಬಬಲೇಶ್ವರಕ್ಕೆ ಹೋದದ್ದು ಮಕ್ಕಳ ವಿಜ್ಞಾನ ಮೇಳದ ತೀರ್ಪು ಕೊಡಲು. ಮರಳಿ ಬರುವಾಗ, ಬೆಳಗಿನ ಹೊಗೆ ಮೂಗಿನಲ್ಲೇ ಇದ್ದುದರಿಂದಲೋ ಏನೋ, ಆ ತೋಟದ ಹತ್ತಿರ ಇಳಿದುಬಿಟ್ಟೆ. ಮನೆಗೆ ಸ್ಲ್ಯಾಬು ಬಿದ್ದಿದೆ, ಜಂತಿ ಇಲ್ಲ. ದಾನಮ್ಮ ವಿಜಯಪುರದಲ್ಲಿ ಪಿಯುಸಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಟ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. ನಡೆಯುವಾಗ ಎಡಕ್ಕೆ ಸ್ವಲ್ಪ ವಾಲುತ್ತಾಳೆ. ಆ ಬಟ್ಟಲು ಬೆಳೆಯುವಾಗ ಆಳವಾಗಲಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಡಾಕ್ಟರು ಹೇಳುವ ಮುಂಚೆಯೇ ಅದು ನನ್ನ ಪರದೆಯ ಮೇಲೆ ಕೆಂಪಾಗಿ ಕಂಡಿತ್ತು, ಆದರೆ ಕಂಡದ್ದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ. ಇದೊಂದು ನನಗೆ ಯಾವತ್ತೂ ನೋವಿನ ವಿಷಯ.

ಚಹಾ ಆಯಿತು. ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದಳು. ಹತ್ತು-ಹನ್ನೊಂದರ ಹುಡುಗ ಸಿದ್ದು ಆಚೆ ಬದಿಯಲ್ಲಿ, ಸಾಲಿಯ ಗೋಡೆ ಹತ್ತಿ ಬಸ್ಸಿನ ದಾರಿ ನೋಡುತ್ತಿದ್ದ. ಅಲ್ಲಿಂದಲೇ ಕೂಗಿದ: "ಏ ಕುಂಟೀ! ಬಸ್ ಬಂತ! ಲಗೂನ ಬಾರಲೇ!"

ನನಗೆ ಅವನ ಕಿವಿ ಹಿಂಡಬೇಕೆನಿಸಿತು. ದಾನಮ್ಮ ನಕ್ಕಳು. "ದಿನಾ ಹಂಗ ಕರೀತಾನ್ರಿ. ನಾ ಹಲ್ಲುಬ್ಬ ಅಂತೇನಿ."

"ಅವನಿಗಿ ಇನ್ನಾ ಗೊತ್ತಿಲ್ಲೇನು?"

"ಇಲ್ರಿ."

"ಹೇಳೂದಿಲ್ಲ?"

ಅವಳು ರಸ್ತೆಯ ಎರಡೂ ಕಡೆ ನೋಡಿದಳು. ಬಸ್ಸು ಇನ್ನೂ ದೂರದಲ್ಲಿತ್ತು. "ಈಗ ಬ್ಯಾಡ್ರಿ. ಗೊತ್ತಾದ್ರ ಅಂವಾ ರಸ್ತಾ ದಾಟಾಕ ಅಂಜತಾನ."

ಹಾಗೆಂದು ಬಲಗೈಯಿಂದ ನನ್ನ ಕೈ ಹಿಡಿದು, ಚಿಕ್ಕವಳನ್ನು ದಾಟಿಸಿದ ಹಾಗೆ, ನಿಧಾನವಾಗಿ ಆಚೆ ಬದಿಗೆ ದಾಟಿಸಿದಳು.